ಬಾಡಿದ್ದಲ್ಲ, ಒಣಗಿದ್ದು

ನಮ್ಮ ಮನೆಯ ಸ್ಟೋರ್ ರೂಮಿಗೆ ಹೊಸಬರು ಯಾರಾದರೂ ಕಾಲಿಟ್ಟರೆ ಒಂದು ಸಲ ಬೆಚ್ಚಿಬೀಳುತ್ತಾರೆ. ಕತ್ತಲಲ್ಲಿ ತಲೆಯ ಮೇಲೆ ಸಾಲಾಗಿ ಏನೋ ನೇತಾಡುತ್ತಿರುತ್ತದೆ. ಬಾವಲಿಗಳೇ ಇರಬೇಕು ಅಂದುಕೊಳ್ಳುತ್ತಾರೆ. ದೀಪ ಹಾಕಿದರೆ ಹೂವು! ಕಟ್ಟು ಕಟ್ಟಾಗಿ, ತಲೆಕೆಳಗಾಗಿ, ಬಟ್ಟೆ ಒಣಹಾಕುವ ಹಗ್ಗದ ಉದ್ದಕ್ಕೂ.

"ಬಾಡಿದ ಹೂ ಇಟ್ಟುಕೊಂಡು ಏನು ಮಾಡ್ತೀಯಮ್ಮ?" ಅಂತ ಅತ್ತೆ ಕೇಳುತ್ತಾರೆ.

"ಬಾಡಿದ್ದಲ್ಲ ಅತ್ತೆ, ಒಣಗಿದ್ದು."

"ಎರಡೂ ಒಂದೇ ತಾನೆ?"

ಈ ಜಗಳ ನಮ್ಮಲ್ಲಿ ಕೆಲವು ವರ್ಷದಿಂದ ನಡೆದಿದೆ. ಭಾಷೆ ನನ್ನ ಕಡೆಗಿದೆ ಅನ್ನುವುದು ನನ್ನ ಧೈರ್ಯ. ಹೂವಿನ ಕಷ್ಟಕ್ಕೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ನೀರಿಲ್ಲದೆ ಸೊರಗುತ್ತದೆ. ಕೈ ತಾಕಿದರೆ ಮುದುಡುತ್ತದೆ. ಬಿಸಿಲಿಗೆ ಕಮರುತ್ತದೆ. ಕಿತ್ತು ಇಟ್ಟರೆ ಬಾಡುತ್ತದೆ. ಇವೆಲ್ಲ ಹೂವಿಗೆ ತಾನಾಗಿ ಆಗುವಂಥವು. ಆದರೆ 'ಒಣಗು' ಅನ್ನುವುದಕ್ಕೆ 'ಒಣಗಿಸು' ಅಂತ ಒಬ್ಬ ಅಣ್ಣ ಇದ್ದಾನೆ. ಯಾರೂ ಹೂವನ್ನು ಬೇಕೆಂದು ಬಾಡಿಸುವುದಿಲ್ಲ. ಒಣಗಿಸುತ್ತಾರೆ.

ವ್ಯತ್ಯಾಸ ಇರುವುದು ವೇಗದಲ್ಲಿ. ಕಿತ್ತ ಹೂವಿನಿಂದ ನೀರು ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಯಾವುದು ಮೊದಲು ಅನ್ನುವುದೇ ಪ್ರಶ್ನೆ. ನೀರು ನಿಧಾನವಾಗಿ ಹೋದರೆ ಆ ತೇವದಲ್ಲೇ ದಳ ಕಂದಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಅದು ಬಾಡುವುದು. ನೀರು ಬೇಗ ಹೋಗಿಬಿಟ್ಟರೆ ಬಣ್ಣ ಇದ್ದಲ್ಲೇ ಉಳಿಯುತ್ತದೆ. ಅದು ಒಣಗುವುದು. ನಾನು ಮಾಡುವುದೆಲ್ಲ ಈ ಓಟದಲ್ಲಿ ನೀರಿನ ಬೆನ್ನು ತಟ್ಟುವ ಕೆಲಸ.

ಅದಕ್ಕೆ ಮೊದಲು ಬೇಕಾದ್ದು ಕಲ್ಲು ಮನಸ್ಸು. ಹೂ ಪೂರ್ತಿ ಅರಳಿ, ಇಡೀ ತೋಟಕ್ಕೆ ತಾನೇ ರಾಣಿ ಅಂತ ನಿಂತಾಗ ಕತ್ತರಿಸಿದರೆ ತಡವಾಯಿತು ಅಂತಲೇ ಲೆಕ್ಕ. ನೇತುಹಾಕಿದ ಮೇಲೂ ಅದು ಒಂದಿಷ್ಟು ಅರಳುತ್ತದೆ, ಆಮೇಲೆ ದಳ ಉದುರಿಸುತ್ತದೆ. ಇನ್ನೂ ಅರಳಲಿಕ್ಕಿದೆ, ನಾಳೆ ಇನ್ನೂ ಚೆಂದ ಇರುತ್ತದೆ ಅನ್ನುವಾಗಲೇ ಕತ್ತರಿ ಹಾಕಬೇಕು. ಅದೂ ಬೆಳಗಿನ ಇಬ್ಬನಿ ಆರಿದ ಮೇಲೆ. ಮೊದಲ ವರ್ಷ ನನಗೆ ಇದು ಆಗಲೇ ಇಲ್ಲ. "ಇನ್ನೊಂದು ದಿನ ಇರಲಿ ಪಾಪ" ಅಂತ ಬಿಟ್ಟೆ. ಪಾಪ ನೋಡಿದ್ದಕ್ಕೆ ಸಿಕ್ಕಿದ್ದು ಒಂದು ಬುಟ್ಟಿ ಹೊಟ್ಟು.

ಎರಡನೆಯ ಪಾಠ ರಬ್ಬರ್ ಬ್ಯಾಂಡಿನದು. ಮೊದಲು ನಾನು ಕಟ್ಟುಗಳನ್ನು ಚೆಂದದ ದಾರದಲ್ಲಿ ಬಿಗಿಯಾಗಿ ಕಟ್ಟಿದ್ದೆ. ವಾರ ಕಳೆದ ಮೇಲೆ ಒಂದು ರಾತ್ರಿ ಸ್ಟೋರ್ ರೂಮಿನಲ್ಲಿ ಪಟಪಟ ಸದ್ದು. ಇಲಿ ಅಂತ ನಮ್ಮೆಜಮಾನರು ಕೋಲು ಹಿಡಿದು ಹೋದರು. ಹೂವು ಉದುರುತ್ತಿತ್ತು. ದಂಟು ಒಣಗಿ ಸಣ್ಣಗಾಗುತ್ತದೆ, ದಾರ ಮಾತ್ರ ಇದ್ದ ಹಾಗೇ ಇರುತ್ತದೆ. ರಬ್ಬರ್ ಬ್ಯಾಂಡ್ ಆದರೆ ದಂಟಿನ ಜೊತೆ ತಾನೂ ಕುಗ್ಗುತ್ತದೆ. ಈಗ ಮನೆಯಲ್ಲಿ ಎಲ್ಲಿ ರಬ್ಬರ್ ಬ್ಯಾಂಡ್ ಕಂಡರೂ ನನ್ನ ಡಬ್ಬಿಗೆ ಬರುತ್ತದೆ. ಎಂಟು ಹತ್ತು ದಂಟಿಗೆ ಒಂದು ಕಟ್ಟು, ಅದಕ್ಕಿಂತ ಜಾಸ್ತಿ ಆದರೆ ಒಳಗಿನವು ಬೂಷ್ಟು ಹಿಡಿಯುತ್ತವೆ. ತಲೆಕೆಳಗೆ ಯಾಕೆ ಅಂದರೆ, ನೆಟ್ಟಗೆ ನಿಲ್ಲಿಸಿದರೆ ಹೂವಿನ ಭಾರಕ್ಕೆ ಕತ್ತು ಬಾಗಿ ಹಾಗೆಯೇ ಗಟ್ಟಿಯಾಗುತ್ತದೆ. ಕತ್ತಲು ಯಾಕೆ ಅಂದರೆ, ಬೆಳಕಿಗೆ ಬಣ್ಣ ಮಾಸುತ್ತದೆ. ಎರಡು ಮೂರು ವಾರ ಆದ ಮೇಲೆ ದಂಟು ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಬಗ್ಗಿದರೆ ಇನ್ನೂ ಆಗಿಲ್ಲ.

ಯಾವ ಹೂ ಚೆನ್ನಾಗಿ ಒಣಗುತ್ತದೆ? ಇಲ್ಲಿ ಒಂದು ತಮಾಷೆ ಇದೆ. ಮೈತುಂಬ ರಸ ತುಂಬಿಕೊಂಡು, ಬಳುಕುತ್ತ, ತೋಟದಲ್ಲಿ ಎಲ್ಲರ ಕಣ್ಣು ಸೆಳೆಯುವ ಹೂಗಳು ಇಲ್ಲಿ ಫೇಲು. ಒಮ್ಮೆ ಲಿಲ್ಲಿ ನೇತುಹಾಕಿದ್ದೆ. ಹದಿನೈದು ದಿನಕ್ಕೆ ಒದ್ದೆ ಬಟ್ಟೆ ಹಿಂಡಿ ಮರೆತಿಟ್ಟ ಹಾಗೆ ಆಗಿತ್ತು. ಪಾಸಾಗುವುದು ಯಾರು ಅಂದರೆ, ಬದುಕಿದ್ದಾಗಲೇ ಅರ್ಧ ಒಣಗಿದ್ದವರು. ಸ್ಟ್ರಾಫ್ಲವರ್ ಅಂತ ಒಂದಿದೆ, ಆಸ್ಟ್ರೇಲಿಯಾ ಮೂಲದ್ದು. ಗಿಡದಲ್ಲಿ ಇರುವಾಗಲೇ ಮುಟ್ಟಿದರೆ ಸರಸರ ಕಾಗದದ ಸದ್ದು. ನಾವು ದಳ ಅಂದುಕೊಳ್ಳುವುದು ಅದರ ದಳವೇ ಅಲ್ಲ, ಹೂವಿನ ಕೆಳಗಿನ ಪುಟ್ಟ ಎಲೆಗಳು ಬಣ್ಣ ಹಚ್ಚಿಕೊಂಡು ನಿಂತಿರುವುದು. ನಿಜವಾದ ಹೂಗಳು ನಡುವಿನ ಹಳದಿ ಗುಂಡಿಯಲ್ಲಿ ಗುಂಪುಗೂಡಿರುತ್ತವೆ. ಸ್ಟಾಟಿಸ್ ಹೂವಿನ ನೇರಳೆಯೂ ಹಾಗೆಯೇ, ಅದು ಹೂವನ್ನು ಹೊತ್ತ ಬಟ್ಟಲಿನ ಬಣ್ಣ. ಒಳಗಿನ ಬಿಳಿ ಹೂ ಉದುರಿ ಎಷ್ಟೋ ದಿನವಾದರೂ ಬಟ್ಟಲು ನಗುತ್ತಿರುತ್ತದೆ. ಗೊಂಫ್ರೀನಾ ಎಂಬ ಹೂವಿನ ಗುಂಡುಗಳು, ಕೋಳಿಜುಟ್ಟಿನ ಹೂ, ಎಲ್ಲ ಇದೇ ಒಣ ಜಾತಿ. ಕೋಳಿಜುಟ್ಟು ಮಾತ್ರ ತಿಂಗಳುಗಟ್ಟಲೆ ನೆಲದ ಮೇಲೆ ಕರಿ ಬೀಜ ಉದುರಿಸುತ್ತದೆ. ಗುಡಿಸುವವರ ಬಾಯಲ್ಲಿ ನನ್ನ ಹೆಸರು ಬರುವುದು ಅದಕ್ಕೇ.

ಬೂಗನ್‌ವಿಲಿಯಾಕ್ಕೆ ನಾವು ಕಾಗದದ ಹೂ ಅಂತಲೇ ಹೆಸರಿಟ್ಟಿದ್ದೇವೆ. ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ. ಆ ಇನ್ನೊಂದು ಹೆಸರಿನ ಕತೆ ಕೇಳಿ. 1766ರಲ್ಲಿ ಫ್ರಾನ್ಸಿನಿಂದ ಬೂಗನ್‌ವಿಲ್ ಎಂಬಾತ ಭೂಮಿ ಸುತ್ತಲು ಹೊರಟ. ಆ ಪಯಣದಲ್ಲಿ ಕೊಮೆರ್ಸನ್ ಎಂಬ ಸಸ್ಯಶಾಸ್ತ್ರಜ್ಞ ಇದ್ದ. ಅವನಿಗೆ ಜೊತೆಯಾಗಿ ಜಾನ್ ಬಾರೆ ಎಂಬ ಹೆಂಗಸು ಗಂಡಸಿನ ವೇಷದಲ್ಲಿ ಹಡಗು ಹತ್ತಿದ್ದಳು, ಯಾಕೆಂದರೆ ಹೆಂಗಸರಿಗೆ ಆ ಹಡಗುಗಳಲ್ಲಿ ಜಾಗವಿರಲಿಲ್ಲ. ಬ್ರೆಜಿಲಿನಲ್ಲಿ ಈ ಗಿಡ ಅವರ ಕೈಗೆ ಸಿಕ್ಕಿತು. ಹೆಸರು ಮಾತ್ರ ನಾಯಕನಿಗೆ ಹೋಯಿತು. ಬಣ್ಣದ ಮೂರು ಎಲೆಗಳ ನಡುವೆ ಅವಿತ ಬಿಳಿ ಹೂವನ್ನು ನೋಡಿದಾಗೆಲ್ಲ ನನಗೆ ವೇಷ ಹಾಕಿದ ಆ ಹೆಂಗಸೇ ನೆನಪಾಗುತ್ತಾಳೆ.

ಗುಲಾಬಿ ಎರಡರ ನಡುವಿನದು. ನೇತುಹಾಕಿದರೆ ಕೆಂಪು ಹೋಗಿ ಕಪ್ಪಿಗೆ ತಿರುಗುತ್ತದೆ. ಬಣ್ಣ ಬೇಕಾದರೆ ಸಿಲಿಕಾ ಜೆಲ್‌ನಲ್ಲಿ ಹೂಳಬೇಕು. ಹೊಸ ಶೂ ಡಬ್ಬಿಯಲ್ಲಿ ಪುಟ್ಟ ಪೊಟ್ಟಣವಾಗಿ ಬರುತ್ತದಲ್ಲ, ಅದೇ. ಕೆಲವದರಲ್ಲಿ ನೀಲಿ ಹರಳು ಸೇರಿಸಿರುತ್ತಾರೆ, ನೀರು ಕುಡಿದು ಹೊಟ್ಟೆ ತುಂಬಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಾನು ಹೂಗಳನ್ನು ಹೂಳಿ, ಡಬ್ಬಿ ಮುಚ್ಚಿ, ವಾರದೊಳಗೆ ತೆಗೆಯಬೇಕಿದ್ದದ್ದನ್ನು ಸುಮ್ನೆ ಮರೆತುಬಿಟ್ಟೆ. ತಿಂಗಳಾದ ಮೇಲೆ ತೆಗೆದೆ. ಬಣ್ಣ ಅದ್ಭುತ. ಮುಟ್ಟಿದರೆ ಪುಡಿ. ಆ ಪುಡಿಯ ಬಣ್ಣವೂ ಅದ್ಭುತವೇ ಇತ್ತು ಅನ್ನಿ.

ಇನ್ನು ಬಾಗಿಲ ಮೇಲೆ ನೇತುಹಾಕುವ ಹೂಬಳೆ ಕಟ್ಟುವ ಕೆಲಸ. ಹಸಿ ಬಳ್ಳಿಯನ್ನು ಸುತ್ತಿ ಸುತ್ತಿ ಬಳೆ ಮಾಡಬೇಕು, ಕೊಡದ ಕೆಳಗಿಡುವ ಸಿಂಬೆಯ ಹಾಗೆ, ಅದರ ಐದಾರು ಪಟ್ಟು ದೊಡ್ಡದು. ಒಣಗಿದ ಮೇಲೆ ಬಳ್ಳಿ ಬಗ್ಗುವುದಿಲ್ಲ. ಆಮೇಲೆ ಮೂರು ನಾಲ್ಕು ಹೂಗಳ ಪುಟ್ಟ ಗೊಂಚಲು ಮಾಡಿ, ತೆಳ್ಳನೆ ತಂತಿಯಲ್ಲಿ ಬಿಗಿಯುತ್ತ ಹೋಗುವುದು. ಎಲ್ಲ ತಲೆಗಳೂ ಒಂದೇ ದಿಕ್ಕಿಗೆ. ಹೆಂಚು ಹೊದಿಸಿದ ಹಾಗೆ, ಹಿಂದಿನದರ ದಂಟನ್ನು ಮುಂದಿನದರ ಹೂ ಮುಚ್ಚಬೇಕು. ಸ್ಟ್ರಾಫ್ಲವರಿನ ಕತ್ತು ಒಣಗಿದ ಮೇಲೆ ನಿಲ್ಲುವುದಿಲ್ಲ, ಹಾಗಾಗಿ ಹಸಿ ಇದ್ದಾಗಲೇ ತಂತಿ ಚುಚ್ಚಿಟ್ಟಿರಬೇಕು. ನನ್ನ ಕೈಗುಣ ಏನೆಂದರೆ, ಶುರುವಿನ ಗೊಂಚಲುಗಳು ದಪ್ಪ, ಮುಗಿಯುವ ಹೊತ್ತಿಗೆ ಹೂವೂ ತಾಳ್ಮೆಯೂ ತೆಳ್ಳಗೆ. ಕೊನೆಯ ಗೊಂಚಲನ್ನು ಮೊದಲನೆಯದರ ತಲೆಯ ಕೆಳಗೆ ತೂರಿಸುವ ಜಾಗದಲ್ಲಿ ಒಂದು ಸಣ್ಣ ಬೋಳು ಉಳಿದೇ ಉಳಿಯುತ್ತದೆ. ಅಲ್ಲಿ ರಿಬ್ಬನ್ ಕಟ್ಟುತ್ತೇನೆ. ಇಂಥ ಬಳೆಗಳ ಮೇಲಿನ ರಿಬ್ಬನ್ನೆಲ್ಲ ಹೀಗೇ ಹುಟ್ಟಿದ್ದು ಅಂತ ನನ್ನ ಅನುಮಾನ.

ಈ ಹುಚ್ಚು ನನ್ನೊಬ್ಬಳದಲ್ಲ. ಹಳೆಯ ಗ್ರೀಸಿನ ಇಸ್ತ್‌ಮಿಯಾ ಎಂಬ ಊರಿನ ಪಂದ್ಯಗಳಲ್ಲಿ ಗೆದ್ದವರಿಗೆ ಒಂದು ಕಾಲದಲ್ಲಿ ಒಣಗಿದ ಸೆಲರಿ ಸೊಪ್ಪಿನ ಕಿರೀಟ ತೊಡಿಸುತ್ತಿದ್ದರು. ನೆಮಿಯಾ ಎಂಬ ಇನ್ನೊಂದು ಊರಿನ ಪಂದ್ಯಗಳಲ್ಲಿ ಅದೇ ಸೊಪ್ಪು, ಹಸಿಯದು. ಹಸಿ ಸೊಪ್ಪು ತೊಟ್ಟವನೂ ಮನೆ ಮುಟ್ಟುವ ಹೊತ್ತಿಗೆ ಒಣಗಿದ್ದನ್ನೇ ತೊಟ್ಟಿರುತ್ತಿದ್ದ ಅಲ್ವಾ? ಈಜಿಪ್ಟಿನ ತೂತನ್‌ಖಾಮುನ್ ದೊರೆಯ ಗೋರಿ 1922ರಲ್ಲಿ ಸಿಕ್ಕಿತು. 1924ರಲ್ಲಿ, ಅದನ್ನು ಹುಡುಕಿದ ಹೊವರ್ಡ್ ಕಾರ್ಟರ್ ಕಲ್ಲಿನ ಮುಚ್ಚಳ ಎತ್ತಿಸಿದಾಗ, ಬಂಗಾರ ಹೊದಿಸಿದ ಶವಪೆಟ್ಟಿಗೆಯ ಹಣೆಯ ಮೇಲೆ ಪುಟ್ಟದೊಂದು ಹೂಬಳೆ ಇತ್ತು. ಆಲಿವ್ ಎಲೆ, ಮತ್ತು ಕಾರ್ನ್‌ಫ್ಲವರ್ ಎಂಬ ನೀಲಿ ಹೂ (ಅಡುಗೆಮನೆಯ ಹಿಟ್ಟಲ್ಲ). 3,300 ವರ್ಷ ಹತ್ತಿರ ಹತ್ತಿರ ಕಳೆದಿತ್ತು, ಹೂವಿನಲ್ಲಿ ಇನ್ನೂ ಬಣ್ಣದ ಸುಳಿವಿತ್ತು. ಗೋರಿಯೊಳಗಿನ ಹೂ ಹಣ್ಣುಗಳು ಯಾವಾಗ ಬಿಡುತ್ತವೆ ಅಂತ ಲೆಕ್ಕ ಹಾಕಿ, ದೊರೆಯನ್ನು ಹೂಳಿದ್ದು ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯೊಳಗೆ ಅಂತ ಹೇಳಿದರು. ಗೋರಿ ತುಂಬ ಬಂಗಾರವಿತ್ತು, ಒಂದಾದರೂ ತಿಂಗಳು ಹೇಳಲಿಲ್ಲ. ಹೇಳಿದ್ದು ಹೂವು.

ಇದನ್ನು ಅತ್ತೆಗೆ ಹೇಳಿದೆ. "ಅದು ಗೋರಿ ಕಣಮ್ಮ, ಇದು ಮನೆ" ಅಂದರು. ಅವರು ಹೇಳಿದ್ದರಲ್ಲೂ ನ್ಯಾಯ ಇದೆ. ಗೋರಿಯಲ್ಲಿ ಕತ್ತಲಿತ್ತು, ಗಾಳಿಯ ಓಡಾಟ ಇರಲಿಲ್ಲ, ಗುಡಿಸುವವರೂ ಇರಲಿಲ್ಲ. ನಮ್ಮ ಬಾಗಿಲ ಮೇಲಿನ ಬಳೆ ವರ್ಷದೊಳಗೆ ಮಾಸುತ್ತದೆ, ಧೂಳು ಕೂರುತ್ತದೆ. ಧೂಳು ಹೊಡೆಯಲು ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿಯುತ್ತೇನೆ. ಒಮ್ಮೆ ಜೋರು ಗಾಳಿಗೆ ಒತ್ತಿಬಿಟ್ಟು ಅರ್ಧ ಸ್ಟಾಟಿಸ್ ಪಕ್ಕದ ಮನೆಗೆ ಹೋಯಿತು.

ಮೊನ್ನೆ ಜೋರು ಮಳೆ. ಎರಚಲು ಬಂದು ಬಾಗಿಲ ಮೇಲಿನ ಬಳೆ ತೊಯ್ದುಹೋಯಿತು. ಮೊದಲು ನೋಡಿದ್ದು ಅತ್ತೆ. ಸ್ಟ್ರಾಫ್ಲವರುಗಳೆಲ್ಲ ಮೊಗ್ಗಿನ ಹಾಗೆ ಮುಚ್ಚಿಕೊಂಡಿದ್ದವು.

"ನೋಡಿದ್ಯಾ, ಹೇಳಿರಲಿಲ್ವಾ ನಾನು? ಬಾಡಿಹೋಯ್ತು."

ನಾನು ಮಾತಾಡಲಿಲ್ಲ. ಆ ಹೂವಿನ ಎಸಳಿನ ಬುಡ ನೀರು ಹೀರಿದರೆ ಉಬ್ಬಿ ಒಳಗೆ ಬಾಗುತ್ತದೆ, ಒಣಗಿದರೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಜೀವ ಇರಬೇಕೆಂದೇನಿಲ್ಲ. ಬಳೆಯನ್ನು ಇಳಿಸಿ ಒಳಗೆ ಫ್ಯಾನ್ ಕೆಳಗೆ ನೇತುಹಾಕಿದೆ.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಅದರ ಕೆಳಗೆ ಬಹಳ ಹೊತ್ತು ನಿಂತಿದ್ದರು. ಹೂಗಳೆಲ್ಲ ಮತ್ತೆ ಬಾಯಿ ತೆರೆದಿದ್ದವು. ಬೆರಳ ತುದಿಯಿಂದ ಒಂದನ್ನು ಮುಟ್ಟಿದರು. ಸರ್ ಅಂತು. ಕೈ ಹಿಂದಕ್ಕೆ ತೆಗೆದುಕೊಂಡರು.

ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ರಬ್ಬರ್ ಬ್ಯಾಂಡ್ ಇದ್ದವು. ಡಬ್ಬಿಗೆ ಹಾಕಿಕೊಂಡೆ.