‘ದಿ ಲಾಂಗ್ ನೈಟ್’ ಕತ್ತಲೆ: ಒಂದು ಸ್ಪಷ್ಟನೆ

‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯ ‘ದಿ ಲಾಂಗ್ ನೈಟ್’ ಕಂತಿನ ಯುದ್ಧವನ್ನು ಹಗಲಿನಲ್ಲಿ ಚಿತ್ರೀಕರಿಸಿ, ಗ್ರಾಫಿಕ್ಸ್ ದೋಷ ಮುಚ್ಚಲು ಆಮೇಲೆ ಕಪ್ಪಾಗಿಸಿದರು ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. 2019ರಲ್ಲಿ ಪ್ರಸಾರವಾದ ಈ ಕಂತಿನ ಹೊರಾಂಗಣ ಕಾಳಗವನ್ನು ಉತ್ತರ ಐರ್ಲೆಂಡಿನಲ್ಲಿ 55 ರಾತ್ರಿ ಚಿತ್ರೀಕರಿಸಲಾಯಿತು. ಕತ್ತಲೆ ಉದ್ದೇಶಪೂರ್ವಕವೆಂದು ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಪ್ರಸಾರದ ಬೆನ್ನಿಗೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮನೆಯ ಪರದೆಯಲ್ಲಿ ಅದು ಬರೀ ಮಸಿಯಾಗಿ ಕಂಡದ್ದಕ್ಕೆ ಪ್ರಸಾರದ ವೇಳೆ ದೃಶ್ಯದ ದತ್ತಾಂಶವನ್ನು ಕುಗ್ಗಿಸುವುದೂ ಒಂದು ಕಾರಣ. ಹಾಗೆ ಕುಗ್ಗಿಸಿದಾಗ ಕಪ್ಪಿನೊಳಗಿನ ಸೂಕ್ಷ್ಮ ಛಾಯೆಗಳು ಬೇಗ ಅಳಿಸಿಹೋಗುತ್ತವೆ.

ಉದ್ದೇಶಪೂರ್ವಕವೆಂದ ಮಾತ್ರಕ್ಕೆ ಆಯ್ಕೆ ಒಳ್ಳೆಯದೆಂದಲ್ಲ. ಯಾರು ಸತ್ತರೆಂದೇ ತಿಳಿಯದ ಯುದ್ಧ ನನಗೂ ರುಚಿಸಲಿಲ್ಲ. ಕಥೆಯಲ್ಲಿ ಕೋಟೆಯಿದ್ದೂ ದೋತ್ರಾಕಿ ಎಂಬ ಅಲೆಮಾರಿ ಯೋಧರ ಕುದುರೆಪಡೆಯನ್ನು ಕಾಣದ ಶತ್ರುವಿನತ್ತ ನುಗ್ಗಿಸಿದ್ದರ ಬಗ್ಗೆ ಧಾರಾಳವಾಗಿ ಜಗಳವಾಡೋಣ. ಆ ಸಂದೇಶವನ್ನು ಮಾತ್ರ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.