ಬೈಲಕುಪ್ಪೆ ಜಮೀನು: ಓಡಾಡುತ್ತಿರುವ ಮೆಸೇಜ್ ಬಗ್ಗೆ ಸ್ಪಷ್ಟನೆ

"ಬೈಲಕುಪ್ಪೆಯ ಟಿಬೆಟನ್ನರು ಪಿರಿಯಾಪಟ್ಟಣದ ರೈತರ ಹೊಲ ಕಿತ್ತುಕೊಂಡು ಒಡೆಯರಾಗಿದ್ದಾರೆ, ಅವರಿಂದ ನಮಗೇನೂ ಲಾಭ ಇಲ್ಲ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಆಗ ಇದ್ದದ್ದು ಕಾಡು. 1959ರಲ್ಲಿ ಟಿಬೆಟನ್ನರ ಧರ್ಮಗುರು ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ರಾಜ್ಯ ಸರ್ಕಾರ ಸುಮಾರು 3,000 ಎಕರೆಯನ್ನು ನಿರಾಶ್ರಿತರಿಗೆ ಗುತ್ತಿಗೆಗೆ ಕೊಟ್ಟಿತು. 1960ರ ದಶಕದ ಶುರುವಿನಲ್ಲಿ ಬಂದವರು ಡೇರೆಯಲ್ಲಿದ್ದುಕೊಂಡೇ ಮರ ಕಡಿದು, ಆನೆ ಕಾಟ ಸಹಿಸಿ ನೆಲ ಹಸನು ಮಾಡಿದರು. ಹಿಮದ ನಾಡಿನವರಿಗೆ ನಮ್ಮ ಬಿಸಿಲು ಸುಮ್ನೆ ಮಾತಲ್ಲ! ಆಮೇಲೆ ಮುಸುಕಿನ ಜೋಳ ಬೆಳೆದರು. ಅದು ಗುತ್ತಿಗೆ ಜಮೀನು, ಒಡೆತನ ಅವರದ್ದಲ್ಲ.

ಇನ್ನು ಲಾಭದ ಮಾತು. ಭಾನುವಾರ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ (ಟಿಬೆಟನ್ ಬೌದ್ಧ ಮಠ) ಮುಂದೆ ನಿಂತು ನೋಡಿ. ಕುಶಾಲನಗರದ ಆಟೋದವರು ಸಾಲಾಗಿ ನಿಂತಿರುತ್ತಾರೆ. ಜೋಳದ ಹೊಲಗಳಲ್ಲಿ ಸುತ್ತಲ ಹಳ್ಳಿಯವರೂ ಕೂಲಿ ಮಾಡುತ್ತಾರೆ. ಅಂಗಡಿ ಟಿಬೆಟನ್ನರದ್ದು, ಮಾತು ಕನ್ನಡ, ಪ್ಲೇಟಿನಲ್ಲಿ ಮೊಮೊ. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ತರುವವರೂ ಇವರೇ ಅಲ್ವಾ?

ರಜಾ ದಿನ ಟ್ರಾಫಿಕ್ ಜಾಸ್ತಿ ಅನ್ನುವ ದೂರು ನಿಜ. ಅದನ್ನು ಪಂಚಾಯಿತಿಗೆ ಹೇಳಿ. ಈ ಮೆಸೇಜನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.