‘ದೇವರ ಕೆಲಸ ಅಂದ್ಕೊಳ್ಳಿ ಮೇಡಂ’

ಶಾಲೆ ಶುರುವಾಗೋಕೆ ನಾಲ್ಕು ದಿನ ಇದೆ ಅನ್ನುವಾಗ ರಾತ್ರಿ ಒಂಬತ್ತೂವರೆಗೆ ಸ್ಟಾಫ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಹೊಸ ಟೈಮ್ ಟೇಬಲ್. ನನ್ನ ಹೆಸರಿನ ಮುಂದೆ ‘7ನೇ ತರಗತಿ ಗಣಿತ, ವಿಜ್ಞಾನ, 5ನೇ ತರಗತಿ ಧರ್ಮಬೋಧೆ’ ಅಂತಿತ್ತು. ಬೇರೆ ಯಾರದೋ ಸಾಲು ಓದ್ತಿದ್ದೀನೇನೋ ಅಂತ ಬೆರಳಿಟ್ಟು ಮತ್ತೆ ಓದಿದೆ. ನನ್ನದೇ. 11 ವರ್ಷದಿಂದ ನಾನು ಈ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಒಂದು ಮಾತು ಕೇಳಲಿಲ್ಲ. ಫೋನ್ ಮಾಡಿ ಹೀಗೆ ಮಾಡ್ತಿದ್ದೀವಿ ಅಂತ ಹೇಳುವಷ್ಟು ಸೌಜನ್ಯವೂ ಯಾರಿಗೂ ಇರಲಿಲ್ಲ.

ಮಾರನೇ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಕೋಣೆಗೆ ಹೋದೆ. ನಾನು ಓದಿದ್ದು ಕಲಾ ವಿಭಾಗ, ಗಣಿತದ ಪುಸ್ತಕ ಮುಟ್ಟಿ ಇಪ್ಪತ್ತು ವರ್ಷವಾಯ್ತು ಸರ್ ಅಂದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. “ಏಳನೇ ಕ್ಲಾಸಲ್ವಾ, ಅಂಥಾ ಕಷ್ಟ ಏನಿರುತ್ತೆ? ಮಕ್ಕಳು ಕಡಿಮೆಯಾಗಿದ್ದಾರೆ, ಎಲ್ಲರೂ ಅಡ್ಜಸ್ಟ್ ಮಾಡ್ಕೋಬೇಕು. ಸಂಬಳದ ಕೆಲಸ ಅಂತ ನೋಡಬೇಡಿ, ದೇವರ ಕೆಲಸ ಅಂದ್ಕೊಳ್ಳಿ ಮೇಡಂ.”

ಆ ಮಾತು ಕೇಳಿ ಹೊರಗೆ ಬಂದವಳಿಗೆ ಇವತ್ತಿನವರೆಗೂ ಸಿಟ್ಟು ಇಳಿದಿಲ್ಲ.

ಮಕ್ಕಳು ಕಡಿಮೆಯಾಗಿರೋದು ಸುಳ್ಳಲ್ಲ. ನಾನು ಸೇರಿದಾಗ ಒಂದನೇ ಕ್ಲಾಸಿಗೆ ಎರಡು ಸೆಕ್ಷನ್, ಒಂದೊಂದರಲ್ಲೂ ನಲವತ್ತರ ಹತ್ತಿರ. ಈ ವರ್ಷ ಒಂದೇ ಸೆಕ್ಷನ್, 17 ಮಕ್ಕಳು. ಖಾಲಿಯಾದ ಕೋಣೆಯಲ್ಲಿ ಮುರಿದ ಬೆಂಚು ಪೇರಿಸಿಟ್ಟಿದ್ದಾರೆ. ಎಷ್ಟೋ ಕಡೆ ಮನೆಗಳಲ್ಲೇ ಮಕ್ಕಳು ಕಡಿಮೆ. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳಾಗಬೇಕು, ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಅದು 0.72ಕ್ಕೆ ಬಂದಿತ್ತು. ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ 1960ರ ದಶಕದಲ್ಲಿ ಸುಮಾರು 52 ಲಕ್ಷ ಮಕ್ಕಳಿದ್ದರು, ಈಗ 17 ಲಕ್ಷದ ಆಸುಪಾಸು. ಹಾಗಾಗಿ ಮಕ್ಕಳು ಬರ್ತಿಲ್ಲ ಅನ್ನೋದಕ್ಕೆ ನಾನು ಆಡಳಿತ ಮಂಡಳಿಯನ್ನು ಬೈಯುತ್ತಿಲ್ಲ. ಬಂದಿರುವ 17 ಮಕ್ಕಳಿಗೆ ಮಾಡುತ್ತಿರೋದಕ್ಕೆ ಬೈಯುತ್ತಿದ್ದೇನೆ.

ಯಾಕಂದ್ರೆ 17 ಅನ್ನೋದು ಒಂದನೇ ಕ್ಲಾಸಿಗೆ ವರ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ ಪುಟ್ಟ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳಿರುವ ಕ್ಲಾಸಿಗೆ, ಉಳಿದವರನ್ನು 22ರಿಂದ 25 ಮಕ್ಕಳಿರುವ ಕ್ಲಾಸಿಗೆ ಹಾಕಿದ್ದರು. ಸಣ್ಣ ಕ್ಲಾಸಿನ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದೆ ಬಂದರು. ಅಂಥಾ ಕ್ಲಾಸು ನಮಗೆ ತಾನಾಗಿ ಸಿಕ್ಕಿದೆ. ನಲವತ್ತು ಮಕ್ಕಳಿದ್ದಾಗ ನಾನು ಹಂಬಲಿಸಿದ್ದು ಇದಕ್ಕೇ. ಈಗ ಸಿಕ್ಕಿರುವಾಗ ನನ್ನನ್ನು ಎತ್ತಿ ಏಳನೇ ಕ್ಲಾಸಿಗೆ ಹಾಕಿ, ಹತ್ತು ವರ್ಷದಿಂದ ದೊಡ್ಡ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಂಡು ಬಂದವರನ್ನು ಒಂದನೇ ಕ್ಲಾಸಿಗೆ ಹಾಕಿದ್ದಾರೆ. ಪಾಪ, ಅವರದೇನೂ ತಪ್ಪಿಲ್ಲ. ಮೊದಲ ವಾರವೇ ಸ್ಟಾಫ್ ರೂಮಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, “ಅಕ್ಕಾ, ಬರ್ಕೊಳ್ಳಿ ಅಂತೀನಿ, ಆ ಮಕ್ಕಳು ನನ್ನ ಮುಖ ನೋಡ್ತವೆ” ಅಂದರು.

ಒಂದನೇ ಕ್ಲಾಸು ಅಂದ್ರೆ ಯಾರು ಬೇಕಾದರೂ ಮಾಡಬಹುದು ಅಂತ ತಿಳಿದವರಿಗೆ ಒಂದು ಹೇಳ್ತೀನಿ. ಹೋದ ವರ್ಷ ಒಬ್ಬ ಹುಡುಗ ‘ಮನೆ’ ಅಂತ ಹೇಳಿದರೆ ‘ವನೆ’ ಅಂತಲೇ ಬರೆಯುತ್ತಿದ್ದ. ಮೂರು ವಾರ ತಿದ್ದಿಸಿದೆ, ಬದಲಾಗಲಿಲ್ಲ. ಕೊನೆಗೆ ಒಂದು ದಿನ ಅವನ ಹಿಂದೆ ನಿಂತು, ಬರೆದದ್ದನ್ನು ಬಿಟ್ಟು ಕೈಯನ್ನೇ ನೋಡಿದೆ. ಅಕ್ಷರ ಅವನಿಗೆ ಗೊತ್ತಿತ್ತು. ಪೆನ್ಸಿಲನ್ನು ಮುಷ್ಟಿಯಲ್ಲಿ ಅಮುಕಿ ಹಿಡಿಯುತ್ತಿದ್ದ, ‘ಮ’ದ ಬಾಲಕ್ಕೆ ಬರುವಷ್ಟರಲ್ಲಿ ಬೆರಳು ನೋವು ಬಂದು ಎತ್ತಿಬಿಡುತ್ತಿದ್ದ. ಹಿಡಿತ ಸರಿ ಮಾಡಿದೆ, ನಾಲ್ಕು ದಿನದಲ್ಲಿ ಬಾಲ ಬಂತು. 49 ಅಕ್ಷರ, ಅದರಲ್ಲಿ 34 ವ್ಯಂಜನಕ್ಕೂ ಕಾಗುಣಿತ, ಆಮೇಲೆ ಒತ್ತಕ್ಷರ. ಎಲ್ಲಿ ಯಾವ ಮಗು ಎಡವುತ್ತೆ ಅನ್ನೋದು 11 ವರ್ಷ ನೋಡಿ ನೋಡಿ ನನ್ನ ಕಣ್ಣಿಗೆ ಹತ್ತಿದೆ. ಅದನ್ನು ಪಿಡಿಎಫ್‌ನಲ್ಲಿ ಇನ್ನೊಬ್ಬರಿಗೆ ವರ್ಗ ಮಾಡೋಕಾಗಲ್ಲ.

ಇನ್ನು ನನ್ನ ಏಳನೇ ಕ್ಲಾಸು. ಮೂರನೇ ವಾರ ಒಬ್ಬಳು ಹುಡುಗಿ ಎದ್ದು ನಿಂತು, “ಮಿಸ್, ಮೈನಸ್ ಇಂಟು ಮೈನಸ್ ಪ್ಲಸ್ ಯಾಕಾಗುತ್ತೆ?” ಅಂತ ಕೇಳಿದಳು. “ಅದು ನಿಯಮ ಕಣಮ್ಮಾ” ಅಂದೆ. ಅವಳು ಸುಮ್ಮನೆ ಕೂತಳು. ಆ ಕೂತ ರೀತಿ ನನಗೆ ಮರೆಯೋಕಾಗ್ತಿಲ್ಲ. ಮಗು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿತ್ತು, ಟೀಚರ್ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಹನ್ನೊಂದರವರೆಗೆ ಕೂತು ಓದಿ, ಮಾರನೇ ದಿನ ಬೋರ್ಡ್ ಮೇಲೆ ಬರೆದು ತೋರಿಸಿದೆ: −2ನ್ನು 3ರಿಂದ ಗುಣಿಸಿದರೆ −6, 2ರಿಂದ ಗುಣಿಸಿದರೆ −4, 1ರಿಂದ −2, ಸೊನ್ನೆಯಿಂದ 0. ಸಲ ಸಲಕ್ಕೂ ಎರಡೆರಡು ಏರುತ್ತಿದೆ, ಹಾಗಾದರೆ −1ರಿಂದ ಗುಣಿಸಿದರೆ 2 ಬರಲೇಬೇಕು. ಅವಳ ಮುಖ ಅರಳಿತು. ಆದರೆ ದಿನಾ ರಾತ್ರಿ ಹೀಗೆ ಕಲಿತು ಬೆಳಿಗ್ಗೆ ಕಲಿಸುವ ಟೀಚರ್ ಆ ಮಕ್ಕಳಿಗೆ ಯಾಕೆ ಬೇಕು? ಅವರಿಗೆ ಒಳ್ಳೇ ಗಣಿತದ ಮೇಷ್ಟ್ರು ಇದ್ದರು. ಅವರನ್ನು ಸಂಸ್ಥೆಯ ಇನ್ನೊಂದು ಶಾಲೆಗೆ ಕಳಿಸಿದ್ದಾರೆ, ‘ಹೆಚ್ಚುವರಿ’ ಅಂತ. ಅಲ್ಲಿ ಅವರು ಏನು ಮಾಡ್ತಿದ್ದಾರೆ ಗೊತ್ತಾ? ಅರ್ಧ ದಿನ ಆಫೀಸಿನಲ್ಲಿ ಕೂತು ಫೀಸಿನ ರಸೀದಿ ಬರೀತಿದ್ದಾರೆ.

ಮೂರು ಮತ್ತು ನಾಲ್ಕನೇ ಕ್ಲಾಸನ್ನು ಒಂದೇ ಕೋಣೆಗೆ ಸೇರಿಸಿದ್ದಾರೆ, ಆ ಕಡೆ ಒಂದು ಬೋರ್ಡು, ಈ ಕಡೆ ಒಂದು. ಎರಡು ಕ್ಲಾಸು ಒಟ್ಟಿಗೆ ನಡೆಸೋಕೂ ಒಂದು ಕ್ರಮ ಇದೆ, ಅದಕ್ಕೆ ತರಬೇತಿ ಬೇಕು, ಒಂದು ಗುಂಪಿಗೆ ಪಾಠ ನಡೆಯುವಾಗ ಇನ್ನೊಂದು ತಾನೇ ಮಾಡಿಕೊಳ್ಳುವಂಥ ಕೆಲಸ ಮೊದಲೇ ಸಿದ್ಧವಾಗಿರಬೇಕು. ಅದ್ಯಾವುದೂ ಇಲ್ಲ.

ಹೆತ್ತವರು ಕುರುಡರಾ? ಹೋದ ತಿಂಗಳು ಗೇಟಿನ ಹತ್ತಿರ ಒಬ್ಬ ತಾಯಿ ಟಿ.ಸಿ. ಕವರ್ ಹಿಡಿದು ನಿಂತಿದ್ದರು. ಅವರ ದೊಡ್ಡ ಮಗಳು ನನ್ನ ಹತ್ತಿರವೇ ಅಕ್ಷರ ಕಲಿತವಳು. “ನಿಮ್ಮನ್ನು ನೋಡಿ ಚಿಕ್ಕವನನ್ನೂ ಸೇರಿಸಿದ್ದು ಮೇಡಂ. ನೀವೇ ಇಲ್ಲ ಅಂದಮೇಲೆ...” ಅಂದು ಸುಮ್ಮನಾದರು. ಮಕ್ಕಳು ಕಡಿಮೆಯಾದರು ಅಂತ ಟೀಚರನ್ನು ಎತ್ತಿಹಾಕ್ತಾರೆ, ಟೀಚರನ್ನು ಎತ್ತಿಹಾಕಿದರು ಅಂತ ಮಕ್ಕಳು ಹೋಗ್ತಾರೆ. ಈಗ ಒಂದನೇ ಕ್ಲಾಸಿನಲ್ಲಿ 17 ಇಲ್ಲ, 16. ಸ್ಟಾಫ್ ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. “ನೆಗೆಟಿವ್ ಮಾತು ಬೇಡ” ಅಂದು ಮುಂದಿನ ವಿಷಯಕ್ಕೆ ಹೋದರು.

ಮತ್ತೆ ಆ ‘ದೇವರ ಕೆಲಸ’. ನನಗೂ ದೇವರಲ್ಲಿ ನಂಬಿಕೆ ಇದೆ, ಇಲ್ಲದಿದ್ದರೆ ಈ ಸಂಬಳಕ್ಕೆ ಇಷ್ಟು ವರ್ಷ ಇರುತ್ತಿರಲಿಲ್ಲ. ಆದರೆ ಧಾರ್ಮಿಕ ಶಾಲೆಗಳು ಸೇವೆಯ ಮೇಲೆ ನಿಂತಿದ್ದ ಕಾಲದಲ್ಲಿ ಸೇವೆ ಮಾಡುತ್ತಿದ್ದವರು ಯಾರು? ಅದೇ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಒಂದು ಕಾಲಕ್ಕೆ ಪಾಠ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಸನ್ಯಾಸಿನಿಯರು. ಈಗ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಸಂಸಾರಸ್ಥ, ಸಾಮಾನ್ಯ ಶಿಕ್ಷಕರು. ಆ ಸನ್ಯಾಸಿನಿಯರಿಗೆ ಇರೋಕೆ ಮಠ ಇತ್ತು, ಕಾಯಿಲೆ ಬಿದ್ದರೆ ನೋಡಿಕೊಳ್ಳೋಕೆ ಸಂಘ ಇತ್ತು, ಮುಪ್ಪಿನಲ್ಲಿ ಆಸರೆ ಇತ್ತು. ನನಗೆ ಮನೆ ಬಾಡಿಗೆ ಇದೆ. ಅತ್ತೆಯ ಔಷಧಿ ಇದೆ. ಅವರಿಗೆ ಕೊಟ್ಟ ಆಸರೆ ಕೊಡದೆ ಅವರಿಂದ ಕೇಳಿದ ತ್ಯಾಗವನ್ನು ಮಾತ್ರ ನಮ್ಮಿಂದ ಕೇಳೋದು ಯಾವ ಧರ್ಮ?

ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 1966ರ ಅಕ್ಟೋಬರ್ 5ರಂದು ಶಿಕ್ಷಕರ ಬಗ್ಗೆ ಒಂದು ಶಿಫಾರಸು ಹೊರಡಿಸಿದವು. ವಿಶ್ವ ಶಿಕ್ಷಕರ ದಿನ ಆ ತಾರೀಖಿಗೆ ಬಂದದ್ದು ಅದರಿಂದಲೇ. ಶಾಲೆಯ ವ್ಯವಸ್ಥೆ ಬದಲಾಗುವಾಗಲೂ ಶಿಕ್ಷಕರ ಕೆಲಸದ ಸ್ಥಿರತೆಯನ್ನು ಕಾಪಾಡಬೇಕು, ಅದು ಶಿಕ್ಷಕರಿಗೂ ಶಿಕ್ಷಣಕ್ಕೂ ಅಗತ್ಯ ಅಂತ ಅದರಲ್ಲಿದೆ. ಖಾಸಗಿ ಶಾಲೆಗೂ ಅದು ಅನ್ವಯ. ಕಾನೂನಲ್ಲ, ಬರೀ ಶಿಫಾರಸು. ಆದರೂ ಅಷ್ಟು ವರ್ಷದ ಹಿಂದೆ ಯಾರಿಗೋ ಹೊಳೆದದ್ದು ನಮ್ಮವರಿಗೆ ಇವತ್ತಿಗೂ ಹೊಳೆದಿಲ್ಲ.

ನಿನ್ನೆ ಗ್ರೂಪಿಗೆ ಇನ್ನೊಂದು ಮೆಸೇಜ್ ಬಂದಿದೆ. ಮುಂದಿನ ತಿಂಗಳಿಂದ ಭಾನುವಾರ ಎಲ್ಲಾ ಟೀಚರ್‌ಗಳೂ ಮನೆಮನೆಗೆ ಹೋಗಬೇಕಂತೆ, ಒಬ್ಬೊಬ್ಬರು ಕನಿಷ್ಠ ಎರಡು ಅಡ್ಮಿಷನ್ ತರಬೇಕಂತೆ. ಹೋಗ್ತೀನಿ, ಹೋಗದೆ ವಿಧಿಯಿಲ್ಲ. ಆದರೆ ಬಾಗಿಲು ತೆಗೆದ ತಾಯಿ, ಒಂದನೇ ಕ್ಲಾಸಿಗೆ ಯಾರು ಪಾಠ ಮಾಡ್ತಾರೆ ಮೇಡಂ ಅಂತ ಕೇಳಿದರೆ ನಾನು ಏನು ಹೇಳಲಿ?